ಏಕಾದಶಿ ಮಾಡಿದ ಮಳೆ

ನನಗೊಂದು ಚಟವಿದೆ. ನಶ್ಯ, ಎಲೆಅಡಿಕೆಗಳ ಚಟವಾಗಿದ್ದರೆ ಮನೆಯವರು ಅರ್ಥಮಾಡಿಕೊಳ್ಳುತ್ತಿದ್ದರು. ನನ್ನದು ಬಗ್ಗುವ ಚಟ. ಯಾರಾದರೂ ಏನನ್ನಾದರೂ ಅಳೆದು ಹಾಕುತ್ತಿದ್ದರೆ ಸಾಕು, ನನ್ನ ಮೊಣಕಾಲು ತಾನಾಗಿ ಮಡಿಚಿಕೊಳ್ಳುತ್ತದೆ. ಕಣ್ಣು ಹೋಗಿ ಆ ಹಾಲಿನ, ಎಣ್ಣೆಯ, ಕೆಮ್ಮಿನ ಔಷಧದ ಮಟ್ಟಕ್ಕೆ ಸರಿಯಾಗಿ ನಿಲ್ಲುತ್ತದೆ. ಮೇಲಿನಿಂದ ನೋಡಿದರೆ ಅಳತೆ ಹೆಚ್ಚು ಕಾಣುತ್ತದೆ, ಕೆಳಗಿನಿಂದ ನೋಡಿದರೆ ಕಡಿಮೆ. ನೇರ ನೋಡಿದರೆ ಮಾತ್ರ ನಿಜ. ಇದು ನನಗೆ ಹನ್ನೆರಡನೆಯ ವಯಸ್ಸಿಗೇ ಗೊತ್ತಾಗಿ ಹೋಗಿ, ಅಂದಿನಿಂದ ನನ್ನ ಸೀರೆಗಳ ಮೊಣಕಾಲಿನ ಭಾಗ ಮಾತ್ರ ಬೇಗ ಸವೆಯುತ್ತ ಬಂದಿದೆ.

ಮೊನ್ನೆ ಹಾಲಿನ ರುದ್ರವ್ವ ಸೇರು ಹಿಡಿದವಳು ಹಾಗೇ ಕೈ ತಡೆದು ಕೇಳಿದಳು:

"ಯಕ್ಕಾರ, ನಾ ಹಾಲು ಅಳ್ಯಾಕತ್ತೇನಿ. ನೀವ್ಯಾಕ ನಮಸ್ಕಾರ ಮಾಡಾಕತ್ತೀರಿ?"

ಒಳಗೆ ಪೇಪರು ಓದುತ್ತಿದ್ದ ನಮ್ಮವರು ಇಂಥ ಸಂದರ್ಭ ಬಿಟ್ಟುಕೊಡುವವರಲ್ಲ. "ಆಕೀ ಕಾನ್ವೆಂಟಿನ್ಯಾಗ ಕಲ್ತಾಕೀ ರುದ್ರವ್ವಾ. ಅಲ್ಲೆ ಮತ್ತೇನು ಕಲಸ್ತಾರೋ ಬಿಡ್ತಾರೋ, ಮೊಣಕಾಲ ಊರೂದು ಭಾಳ ಛಲೋ ಕಲಸ್ತಾರ!"

ನಾನು ನಕ್ಕೆ. ಅವರ ಮಾತು ಅರ್ಧ ನಿಜ. ಮೊಣಕಾಲೂರುವುದನ್ನು ಕಲಿತದ್ದು ಕಾನ್ವೆಂಟಿನಿಂದಲೇ. ಆದರೆ ಅದು ಪ್ರಾರ್ಥನೆಯ ಕೋಣೆಯಲ್ಲಿ ಅಲ್ಲ. ಮಾಳಮಡ್ಡಿಯ ನಮ್ಮ ಮನೆಯ ಅಂಗಳದಲ್ಲಿ, ತುಳಸೀಕಟ್ಟೆಯ ಪಕ್ಕದಲ್ಲಿ, ಒಂದು ತಾಮ್ರದ ಚೆಂಬಿನ ಮುಂದೆ.

ಸಾವಿರದ ಒಂಬೈನೂರ ಮೂವತ್ತರ ಆಚೀಚಿನ ಮಾತು. ಆಗ ನಮ್ಮ ಶಾಲೆಯಲ್ಲಿ ಹುಡುಗಿಯರಿಗೆ ವಿಜ್ಞಾನವೆಂದರೆ ದಾಸವಾಳದ ಎಸಳು ಬಿಡಿಸಿ ಎಣಿಸುವುದು. ಎಣಿಸಿ ಮುಗಿಯುತ್ತಲೇ ಕಸೂತಿ. ಧಾರವಾಡದಲ್ಲಿ ಹುಟ್ಟಿ ಕಸೂತಿ ಬರುವುದಿಲ್ಲವೆಂದರೆ ಹುಬ್ಬಳ್ಳಿಯವರೂ ನಗುತ್ತಾರೆ. ನನಗೆ ಬರುತ್ತಿರಲಿಲ್ಲ. ಎಳೆ ಎಣಿಸಿ ಎಣಿಸಿ ಹಾಕಿದ ನನ್ನ ಗೋಪುರ ಬಲಕ್ಕೆ ವಾಲುತ್ತಿತ್ತು. ಅದನ್ನು ಸರಿಮಾಡಲು ಹೋದರೆ ಪಕ್ಕದ ಆನೆ ಎಡಕ್ಕೆ ಮುಗ್ಗರಿಸುತ್ತಿತ್ತು. ಹೊಲಿಗೆಯ ಸಿಸ್ಟರ್ ಅದನ್ನು ತಿರುಗಿಸಿ, ಮತ್ತೆ ತಿರುಗಿಸಿ, "ಇದರಲ್ಲಿ ಯಾವುದು ಮೇಲಿನ ಮಗ್ಗಲು?" ಎಂದು ನಿಜವಾದ ಕುತೂಹಲದಿಂದ ಕೇಳುತ್ತಿದ್ದರು.

ಇಂಥ ನನ್ನನ್ನು ಉದ್ಧಾರ ಮಾಡಲೆಂದೇ ಬಂದವರಂತೆ ಬಂದವರು ಸಿಸ್ಟರ್ ಆಗ್ನೆಸ್. ಯಾವುದೋ ತಣ್ಣನೆಯ ದೇಶದವರು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಸಿಟ್ಟು, ಸಂತೋಷ, ಅವಸರ ಮೂರೂ ಕನ್ನಡದಲ್ಲಿ. ಆ ಕನ್ನಡವನ್ನು ಅವರು ಕಲಿತದ್ದು ಶಾಲೆಯ ತೋಟ ನೋಡಿಕೊಳ್ಳುತ್ತಿದ್ದ ಅಮ್ಮಿನಬಾವಿಯ ಫಕೀರಪ್ಪನಿಂದ. ಬಿಳಿ ಉಡುಪು, ನೀಲಿ ಕಣ್ಣು, ಎದೆಯ ಮೇಲೆ ಶಿಲುಬೆ, ಬಾಯಿ ತೆರೆದರೆ, "ಏನಬೇ, ಕುಂಡ್ರಾಕ ಆಗೂದಿಲ್ಲೇನು ಒಂದ ಕಡೆ?" ಹೊಸದಾಗಿ ಸೇರಿದ ಹುಡುಗಿಯರು ಬೆಚ್ಚಿ ಹಿಂದೆ ತಿರುಗಿ, ಮಾತಾಡಿದವರು ಯಾರೆಂದು ಹುಡುಕುತ್ತಿದ್ದರು.

ಹೊಲಿಗೆಯ ಕೋಣೆಯ ಕೊನೆಗೆ ಒಂದು ಉದ್ದನೆಯ ಮೇಜು ಹಾಕಿಸಿ, ಆರು ಹುಡುಗಿಯರನ್ನು ಆರಿಸಿ ಅಲ್ಲಿ ಕೂರಿಸಿದರು. ಉಳಿದವರು ಸೂಜಿ ಹಿಡಿದಾಗ ನಮ್ಮ ಕೈಗೆ ಉಷ್ಣಮಾಪಕ, ತಕ್ಕಡಿ, ಗೀರು ಕೊರೆದ ಗಾಜಿನ ಕೊಳವೆ. ಮೊದಲ ದಿನವೇ ಹೇಳಿದರು: "ಈ ಮೇಜಿಗೆ ಒಂದ ಕಾನೂನು. ಕಂಡದ್ದ ಬರೀಬೇಕು. ಕಾಣದ್ದು ಒಂದ ಅಂಕಿ ಬರದ್ರೂ ಎದ್ದು ಹೋಗಿ ಸೂಜಿ ಹಿಡೀಬೇಕು."

ನನ್ನ ಪಾಲಿಗೆ ಇದಕ್ಕಿಂತ ದೊಡ್ಡ ಬೆದರಿಕೆ ಇರಲಿಲ್ಲ. ಆ ಮೇಜಿನ ಒಂದು ತುದಿ ನನಗೆ ಊರು ಕೊಟ್ಟಷ್ಟು. ಕಳೆದುಕೊಂಡರೆ ಮತ್ತೆ ಆ ವಾಲುವ ಗೋಪುರ, ಮತ್ತೆ ಆ ಮುಗ್ಗರಿಸುವ ಆನೆ.

ನಮಗೆ ಕೊಟ್ಟ ಮೊದಲ ಕೆಲಸ ಮಳೆ ಅಳೆಯುವುದು. ಒಬ್ಬೊಬ್ಬರ ಅಂಗಳದಲ್ಲೂ ಒಂದೊಂದು ಮಾಪಕ: ಒಂದು ಡಬ್ಬಿ, ಅದರೊಳಗೆ ಸೀಸೆ, ಮೇಲೆ ಆಲಿಕೆ. ದಿನಾ ಬೆಳಿಗ್ಗೆ ಎಂಟಕ್ಕೆ ಸೀಸೆಯ ನೀರನ್ನು ಗಾಜಿನ ಕೊಳವೆಗೆ ಸುರಿದು, ಮಟ್ಟಸ ನೆಲದ ಮೇಲಿಟ್ಟು, ಮೊಣಕಾಲೂರಿ, ಕಣ್ಣನ್ನು ನೀರಿನ ಸಮಕ್ಕೆ ತಂದು, ಎಷ್ಟನೆಯ ಗೀರೆಂದು ಓದಿ ವಹಿಯಲ್ಲಿ ಬರೆಯಬೇಕು. ನೂರು ಗೀರಿಗೆ ಒಂದು ಅಂಗುಲ ಮಳೆ. ಆರು ವಾರ ಯಾರೂ ಯಾರಿಗೂ ವಹಿ ತೋರಿಸಬಾರದು. ಇನ್ನೊಬ್ಬರ ಅಂಕಿ ನೋಡಿದರೆ ಕಣ್ಣು ಕೆಡುತ್ತದೆ ಎಂದರು ಸಿಸ್ಟರ್. ಒಂದು ದಿನವೂ ತಪ್ಪಿಸುವಂತಿಲ್ಲ.

ಶುರುಮಾಡಿದ್ದು ಯಾವಾಗ ಎನ್ನುತ್ತೀರಿ? ಮಾಘಮಾಸದಲ್ಲಿ. ಧಾರವಾಡದ ಮಾಘದಲ್ಲಿ ಮಳೆ ಹುಡುಕುವುದು ಬೋಳುತಲೆಯಲ್ಲಿ ಬೈತಲೆ ಹುಡುಕಿದಂತೆ. "ಮಳಿಗಾಲದಾಗ ಯಾರ ಬೇಕಾದರೂ ಅಳೀತಾರಬೇ. ಮೊದಲ ಕೈ ಪಳಗಲಿ," ಎಂದರು.

ಮಾಪಕ ಇಡುವುದಕ್ಕೂ ನಿಯಮವಿತ್ತು. ಗೋಡೆ, ಮರ ಯಾವುದರ ನೆರಳೂ ಬೀಳಬಾರದು. ನಮ್ಮ ಮನೆಯಲ್ಲಿ ಅಂಥ ಬಯಲು ಇದ್ದದ್ದು ಒಂದೇ ಕಡೆ, ತುಳಸೀಕಟ್ಟೆಯ ಪಕ್ಕ. ಅದು ಅಜ್ಜಿಯ ರಾಜ್ಯ. ಅಜ್ಜಿ ಎಂದರೆ ನಮ್ಮ ಅಪ್ಪನ ತಾಯಿ. ಅಪ್ಪ ಕಚೇರಿಯಲ್ಲಿ ಹತ್ತು ಜನ ಕಾರಕೂನರನ್ನು ಗದರಿಸಿ ಬಂದವರು, ಮನೆಯ ಹೊಸ್ತಿಲಲ್ಲಿ ಟೋಪಿಯ ಜೊತೆ ದನಿಯನ್ನೂ ತೆಗೆದಿಡುತ್ತಿದ್ದುದು ಅವಳಿಗಾಗಿಯೇ.

"ತುಳಸವ್ವನ ಮಗ್ಗಲಿಗೆ ತಗಡಿನ ಡಬ್ಬಿ ಇಡ್ತೀರಿ? ಸೀಮಿಎಣ್ಣಿದು?" ಎಂದಳು ಅಜ್ಜಿ.

"ಸಾಲಿದವ್ವಾ. ಇಂದೂನ ಅಭ್ಯಾಸದ್ದು," ಎಂದರು ಅಪ್ಪ, ಟೋಪಿಯಿಲ್ಲದ ದನಿಯಲ್ಲಿ.

"ತಾಮ್ರದ್ದು ಮಾಡಸು. ಮತ್ತ ಸ್ನಾನಾ ಮಾಡದs ಆಕಿ ಅದನ್ನ ಮುಟ್ಟಬಾರದು."

ಹಾಗಾಗಿ ಉಳಿದ ಐವರ ಅಂಗಳದಲ್ಲಿ ತಗಡಿನ ಡಬ್ಬಿ ಕುಳಿತರೆ, ನಮ್ಮಲ್ಲಿ ತಂಬಟಗಾರರು ಮಾಡಿಕೊಟ್ಟ ತಾಮ್ರದ ಚೆಂಬು, ತಾಮ್ರದ ಆಲಿಕೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಬಿಸಿಲಿಗೆ ಥಳಥಳ. ದಿನಾ ಎಂಟಕ್ಕೆ ನಾನು ಮಿಂದು, ಒದ್ದೆ ಜಡೆಯಲ್ಲೇ ಅದರ ಮುಂದೆ ಮೊಣಕಾಲೂರುತ್ತಿದ್ದೆ. ಮೊದಲ ವಾರ ಏಳೂ ದಿನ ಸೊನ್ನೆ. ಆ ಏಳು ಸೊನ್ನೆಗಳನ್ನು ಬರೆಯುವಷ್ಟರಲ್ಲಿ ನನ್ನ ಮುಖ ಹಾಗಲಕಾಯಿ ತಿಂದಂತಾಗಿತ್ತು.

ಎಂಟನೆಯ ದಿನ ಸೀಸೆಯಲ್ಲಿ ನೀರು!

ಅಳೆದೆ. ಐದು ಗೀರು. ಆಕಾಶ ನೋಡಿದೆ; ಒಗೆದು ಹರವಿದಷ್ಟು ಸ್ವಚ್ಛ. ಇರಲಿ, ಇಬ್ಬನಿ ಇದ್ದೀತು ಎಂದುಕೊಂಡೆ. ಮರುದಿನವೂ ಐದು. ಅದರ ಮರುದಿನವೂ ಐದು. ಶುಕ್ರವಾರ ಹತ್ತು! ನನ್ನ ಸಂಭ್ರಮಕ್ಕೆ ಮಿತಿಯಿರಲಿಲ್ಲ. ಇಡೀ ಧಾರವಾಡದಲ್ಲಿ ಮಾಳಮಡ್ಡಿಯ ಇಬ್ಬನಿಯೇ ಬೇರೆ, ಅದರಲ್ಲೂ ನಮ್ಮ ಅಂಗಳದ್ದು ಇನ್ನೂ ಬೇರೆ ಎಂದು ಒಳಗೊಳಗೇ ಬೀಗಿದೆ. ಹೇಳಿಕೊಳ್ಳುವಂತಿಲ್ಲವಲ್ಲ! ವಹಿಯನ್ನು ಎದೆಗವಚಿಕೊಂಡು ಶಾಲೆಗೆ ಹೋಗುತ್ತಿದ್ದೆ. ಒಂದು ಸಲವಾದರೂ ಅನುಮಾನ ಬರಲಿಲ್ಲವೇ ಎಂದು ನೀವು ಕೇಳಬಹುದು. ಅದೃಷ್ಟ ನಮ್ಮ ಕಡೆಗಿದ್ದಾಗ ಯಾರಿಗೆ ಅನುಮಾನ ಬರುತ್ತದೆ ಹೇಳಿ.

ಆರು ವಾರ ಮುಗಿದ ಶುಕ್ರವಾರ ಸಿಸ್ಟರ್ ಹಲಗೆಯ ಮೇಲೆ ಆರು ಕಂಬ ಎಳೆದು, ಒಬ್ಬೊಬ್ಬರದೇ ಅಂಕಿ ಬರೆಯುತ್ತ ಹೋದರು. ಸೊನ್ನೆ, ಸೊನ್ನೆ, ಸೊನ್ನೆ. ಐದು ಕಂಬಗಳ ತುಂಬ ಸೊನ್ನೆಗಳು ಕೋಡುಬಳೆ ಪೋಣಿಸಿದಂತೆ ಇಳಿದುಹೋದವು. ಆರನೆಯದು ನನ್ನದು. ಅರ್ಧಕ್ಕೆ ಬರುವಷ್ಟರಲ್ಲಿ ಸಿಸ್ಟರರ ಸೀಮೆಸುಣ್ಣ ನಿಧಾನವಾಯಿತು.

ಮೊದಲು ನಕ್ಕವಳು ನೀಲಾ. ಹುಬ್ಬಳ್ಳಿಯ ಅರಳೆ ವ್ಯಾಪಾರಿಗಳ ಮಗಳು, ಶಾಲೆಯ ಬೋರ್ಡಿಂಗಿನಲ್ಲೇ ಇದ್ದವಳು. ಶಾಲೆಯ ಅಂಗಳದ ಮಾಪಕ ಅವಳ ಪಾಲಿನದು. ನನ್ನ ಜೀವದ ಗೆಳತಿ, ಹಾಗಾಗಿ ಕರುಣೆ ಎಂಬುದು ಎಳ್ಳಷ್ಟೂ ಇಲ್ಲ. "ಯವ್ವಾ, ನಿಮ್ಮ ಮನಿ ಮ್ಯಾಲೆ ಒಂದ ಮೋಡಾ ಕಟ್ಟಿ ಹಾಕೀರೇನs ಎಮ್ಮೀಗತೆ? ದಿನಾ ಹಿಂಡತೀರಿ!"

ಮೇಜು ಗೊಳ್ಳೆಂದಿತು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

"ಇಂದೂ, ಖರೇ ಹೇಳು. ಕಂಡದ್ದ ಬರದೀಯೇನು?" ಎಂದರು ಸಿಸ್ಟರ್.

"ಹೌದ್ರಿ ಸಿಸ್ಟರ್. ಕಂಡದ್ದs ಬರದೀನಿ." ನನ್ನ ದನಿ ಇರುವೆಗೆ ಕೇಳುವಷ್ಟಿತ್ತು.

ಅವರು ಸೀಮೆಸುಣ್ಣ ಕೆಳಗಿಟ್ಟರು. ಆಮೇಲೆ, "ಛಲೋ. ಮಳಿ ಬಂದಿಲ್ಲ, ನೀರು ಬಂದೈತಿ. ಎಲ್ಲಿಂದ ಬಂತು? ಸೋಮವಾರ ಬಂದು ಹೇಳು. ಹೇಳಿದಿ, ಇಲ್ಲೇ ಕುಂಡ್ರು. ಇಲ್ಲಾ..." ಎಂದು ಹೊಲಿಗೆಯವರ ಕಡೆ ಗದ್ದ ಎತ್ತಿದರು. ಅಲ್ಲಿ ಹೊಲಿಗೆಯ ಸಿಸ್ಟರ್, ಪಾಪ, ನನಗಿಂತ ಹೆಚ್ಚು ಗಾಬರಿಯಾದಂತೆ ಕಂಡರು.

ಹೊರಡುವಾಗ ನೀಲಾ ಹಲಗೆಯ ಮುಂದೆ ನಿಂತು ಬೆರಳಿನಲ್ಲಿ ಏನೋ ಎಣಿಸುತ್ತಿದ್ದಳು. "ಇಂದೂ, ನಗೀ ಆಡಿದ್ದು ಬಿಡು. ಇಲ್ಲಿ ನೋಡು. ಎಲ್ಲಾ ಶುಕ್ರವಾರ ಹತ್ತ ಐತಿ. ಮತ್ತ ನಡುವ ಎರಡ ಸಲ ಸೊನ್ನಿ, ಹದಿನೈದು ದಿನ ಬಿಟ್ಟು. ನಿಮ್ಮ ಮಳಿಗೆ ದಿನಾ ವಾರಾ ಎಲ್ಲಾ ಗೊತ್ತೈತಲ್ಲs!"

ಮನೆಗೆ ಬಂದು ಊಟ ಬೇಡವೆಂದು ವಹಿ ಬಿಡಿಸಿ ಕುಳಿತೆ. ದೊಡ್ಡ ಬುದ್ಧಿ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಸಣ್ಣಪುಟ್ಟದ್ದು ಕಣ್ಣಿಗೆ ಬೀಳುತ್ತದೆ, ಅಷ್ಟೇ. ನೀಲಾ ತೋರಿಸಿದ ಎರಡು ಸೊನ್ನೆಗಳಲ್ಲಿ ಮೊದಲನೆಯದರ ಪಕ್ಕದಲ್ಲಿ ಜಿಡ್ಡಿನ ಬೆರಳಿನ ಗುರುತು. ಎರಡನೆಯ ಸೊನ್ನೆಯ ಕೆಳಗೂ ಜಿಡ್ಡು. ಅದರ ಮೇಲೆ ಒಣಗಿ ಅಂಟಿಕೊಂಡ, ಮುತ್ತಿನಂಥ ಒಂದು ಸಾಬೂದಾಣಿ ಕಾಳು.

ಸಾಬೂದಾಣಿ! ಓದಿದ ಅಂಕಿಯನ್ನು ನಾನು ವಹಿಯಲ್ಲಿ ಬರೆಯುತ್ತಿದ್ದುದು ತಿಂಡಿಗೆ ಕುಳಿತಾಗ. ನಮ್ಮ ಮನೆಯಲ್ಲಿ ಸಾಬೂದಾಣಿ ಉಸುಳಿ ಆಗುವುದು ಹದಿನೈದು ದಿನಕ್ಕೊಮ್ಮೆ, ಏಕಾದಶಿಗೆ. ದೊಡ್ಡವರಿಗೆ ಉಪವಾಸ, ಮಕ್ಕಳಿಗೆ ಹಬ್ಬ. ಗೋಡೆಯ ಪಂಚಾಂಗ ತೆಗೆದು ನೋಡಿದೆ. ಎರಡೂ ಸೊನ್ನೆ ಏಕಾದಶಿಯವೇ.

ನಮ್ಮ ಅಂಗಳದ ಮಳೆ ಏಕಾದಶಿ ಮಾಡುತ್ತಿತ್ತು!

ಮೋಡಕ್ಕೆ ಪಂಚಾಂಗ ಓದಲು ಬರುವುದಿಲ್ಲ. ಮನೆಯಲ್ಲಿ ಬರುವವರು ಅಪ್ಪ. ಓದದೆಯೇ ಬಾಯಲ್ಲಿ ಇಟ್ಟುಕೊಂಡವಳು ಅಜ್ಜಿ. ಏಕಾದಶಿಯ ದಿನ ಅವಳು ಬೆಳಕು ಹರಿಯುವ ಮೊದಲೇ ಮಠಕ್ಕೆ ಹೋಗಿಬಿಡುತ್ತಿದ್ದಳು.

ಮರುದಿನ ಬೆಳಗಿನ ಜಾವ ಕಿಟಕಿಯ ಸಂದಿಯಲ್ಲಿ ನಿಂತೆ. ಅಜ್ಜಿ ಮಡಿಸೀರೆಯಲ್ಲಿ ಬಂದಳು, ತುಳಸಿಗೆ ನೀರು ಹಾಕಿ ಪ್ರದಕ್ಷಿಣೆ ಮುಗಿಸಿದಳು. ಆಮೇಲೆ ಅತ್ತಿತ್ತ ನೋಡಿ, ನನ್ನ ಆಲಿಕೆಯ ಹತ್ತಿರ ಬಂದು, ತೀರ್ಥದ ತಂಬಿಗೆಯಿಂದ ತಾಮ್ರದ ಉದ್ಧರಣೆಯಲ್ಲಿ, ಆ ಪುಟ್ಟ ಚಮಚದಲ್ಲಿ, ಒಂದು, ಎರಡು, ಮೂರು ಸಲ ನೀರು ಹಾಕಿದಳು. ಹಾಕಿ ತುಳಸಿಯ ಕಡೆ ತಿರುಗಿ, "ಕೂಸು ದಿನಾ ಬಗ್ಗತದ. ಬಗ್ಗಿದವರು ಬರೀ ಕೈಲೆ ಏಳಬಾರದs ತಾಯಿ," ಎಂದಳು.

ಸಿಟ್ಟಿನಿಂದ ನಿಂತಿದ್ದವಳು ಸದ್ದಾಗದಂತೆ ಕಿಟಕಿ ಮುಚ್ಚಿದೆ. ನನ್ನ ಏಳು ದಿನದ ಹಾಗಲಕಾಯಿ ಮುಖವನ್ನು ಯಾರೂ ನೋಡಿಲ್ಲ ಎಂದುಕೊಂಡಿದ್ದೆ.

ಈಗ ಫಜೀತಿ. ನಿಜ ಹೇಳಿದರೆ ಮೇಜು ಉಳಿಯುತ್ತದೆ, ಅಜ್ಜಿ ಹೋಗುತ್ತಾಳೆ. ನೀಲಾಳ ಬಾಯಿಗೆ ಬಿದ್ದ ಅಜ್ಜಿ ಹುಬ್ಬಳ್ಳಿಯವರೆಗೂ ಹೋಗುತ್ತಾಳೆ! ಅಪ್ಪನಿಗೆ ತಿಳಿದರೆ ಅಜ್ಜಿಗೆ ಏನೂ ಅನ್ನಲಾರರು, ಆದರೆ ಅಜ್ಜಿ ತಾನೇ ಸಣ್ಣವಳಾಗುತ್ತಾಳೆ. ಭಾನುವಾರವಿಡೀ ಅವಳ ಮುಖ ನೋಡಲಿಲ್ಲ ನಾನು.

ಸೋಮವಾರ ಮೇಜಿನ ಮುಂದೆ ನಿಂತು ಹೇಳಿದೆ: "ನೀರು... ನಾನs ಹಾಕಿದ್ದೆ, ಸಿಸ್ಟರ್."

ನೀಲಾಳ ನಗು ಅಲ್ಲೇ ನಿಂತಿತು. ಸಿಸ್ಟರ್ ಕೈ ಚಾಚಿದರು. ನನ್ನ ವಹಿ ತೆಗೆದುಕೊಂಡು ಪುಟ ತಿರುವುತ್ತ ಹೋದರು. ಆಮೇಲೆ ಎದ್ದು ಹೊಲಿಗೆಯ ಬೀರುವಿನಿಂದ ನನ್ನ ಕಸೂತಿಯ ಬಟ್ಟೆ ತಂದು ವಹಿಯ ಪಕ್ಕದಲ್ಲಿ ಹರವಿದರು.

"ಈ ಆನಿ ನೋಡು. ನಾಕ ಕಾಲು, ನಾಕೂ ಬ್ಯಾರೆ ಬ್ಯಾರೆ ಉದ್ದ. ಇದ ನಿನ್ನ ಕೈ. ಈಗ ಈ ಅಂಕಿ ನೋಡು. ಐದು, ಐದು, ಐದು. ಒಂದ ಕೂದಲೆಳಿ ಹೆಚ್ಚಿಲ್ಲ, ಕಡಿಮಿಲ್ಲ. ಈ ಕೈಲೆ ಆ ನೀರು ಹಾಕಾಕ ಸಾಧ್ಯs ಇಲ್ಲಬೇ!" ಮತ್ತೆ ತಗ್ಗಿದ ದನಿಯಲ್ಲಿ, "ಅದು ಯಾರ ಕೈ ಇಂದೂ? ನಾ ಆ ಕೈ ನೋಡಬೇಕು," ಎಂದರು.

ಜಗತ್ತಿನಲ್ಲಿ ತನ್ನ ಕೆಟ್ಟ ಕಸೂತಿಯಿಂದ ನಿರಪರಾಧಿಯೆಂದು ಸಾಬೀತಾದವಳು ಬಹುಶಃ ನಾನೊಬ್ಬಳೇ. ಅಳು ಬಂತು, ಅಳುತ್ತಲೇ ಎಲ್ಲ ಹೇಳಿದೆ. ಆಶ್ಚರ್ಯವೆಂದರೆ ಯಾರೂ ನಗಲಿಲ್ಲ. ನೀಲಾ ತನ್ನ ಕರವಸ್ತ್ರ ಕೊಟ್ಟಳು, ಅದೂ ಅಷ್ಟೇನೂ ಸ್ವಚ್ಛವಿರಲಿಲ್ಲ.

ಅದೇ ಸಂಜೆ ಸಿಸ್ಟರ್ ಆಗ್ನೆಸ್ ಗಾಜಿನ ಕೊಳವೆ ಹಿಡಿದು ನಮ್ಮ ಮನೆಗೆ ಬಂದರು. ಅಜ್ಜಿ ತುಳಸೀಕಟ್ಟೆಯ ಆ ಕಡೆ, ಇವರು ಈ ಕಡೆ. ನಡುವೆ ಮಡಿಯ ಒಂದು ಮಾರು.

"ಅಜ್ಜೀರ, ದಿನಾ ಎಷ್ಟ ಹಾಕ್ತೀರಿ ನೀರು?"

ಬಿಳಿ ಮೇಡಮ್ಮನ ಬಾಯಲ್ಲಿ ಅಮ್ಮಿನಬಾವಿಯ ಮಾತು ಕೇಳಿ ಅಜ್ಜಿಯೂ ಅವರ ಬೆನ್ನ ಹಿಂದೆ ಯಾರಿದ್ದಾರೆಂದು ಇಣುಕಿದಳು. ಆಮೇಲೆ ನನ್ನ ಕಡೆ ನೋಡಿದಳು. ಗುಟ್ಟು ಒಡೆದದ್ದು ತಿಳಿಯಿತು. "ಮೂರು ಉದ್ಧರಣಿ. ಶುಕ್ರವಾರ ಆರು. ಯಾಕ್ರಿ, ತಪ್ಪಾತೇನು?" ಎಂದಳು ಮೆಲ್ಲಗೆ.

"ಇದರಾಗ ಹಾಕ್ರಿ ನೋಡೂಣು."

ಮುಟ್ಟುವಂತಿಲ್ಲ. ಸಿಸ್ಟರ್ ಕೈ ಚಾಚಿ ಕೊಳವೆಯನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದರು. ಅಜ್ಜಿ ಮುಂದೆ ಬಂದು ಗೇಣು ಮೇಲಿನಿಂದ ಮೂರು ಉದ್ಧರಣೆ ನೀರು ಬಿಟ್ಟಳು, ಒಂದು ಹನಿ ಹೊರಗೆ ಸಿಡಿಯಲಿಲ್ಲ. ಸಿಸ್ಟರ್ ಬಿಳಿ ಉಡುಪು ಎತ್ತಿ ಸೆಗಣಿ ಸಾರಿಸಿದ ನೆಲದ ಮೇಲೆ ಮೊಣಕಾಲೂರಿ ಓದಿದರು. ಐದು. ಚೆಲ್ಲಿ ಮತ್ತೆ ಹಾಕಿಸಿದರು. ಐದು. ನಾಲ್ಕು ಸಲ ಹಾಕಿಸಿದರೂ ಐದೇ.

"ಅಯ್ಯ! ನಿಮ್ಮ ಗುರುಗಳೂ ಇದಕ್ಕ ಬಗ್ಗತಾರs!" ಎಂದಳು ಅಜ್ಜಿ ನನಗೆ, ತನ್ನ ಊಹೆ ಖಾತ್ರಿಯಾದವಳಂತೆ.

"ಅಜ್ಜೀರ, ನಿಮ್ಮ ಕೈ ನಮ್ಮ ಗಾಜಿನಕಿಂತ ಛಲೋ ಐತಿ. ನಿಮ್ಮ ಮೊಮ್ಮಗಳ ಕಣ್ಣೂ ಛಲೋ ಐತಿ. ಆದರ ಇನ್ನ ಮ್ಯಾಲೆ ಹಾಕಬ್ಯಾಡ್ರಿ. ಮಳಿ ಬರದಿದ್ದರ ಬಂದಿಲ್ಲಾಂತ ಬರೀಬೇಕ್ರಿ ಆಕಿ."

"ಏನೂ ಬಂದಿಲ್ಲಾಂತ ಬರೀಲಿಕ್ಕೂ ಸಾಲಿ ಕಲೀಬೇಕೇನ್ರಿ?"

"ಅದನ್ನ ಕಲೀಲಿಕ್ಕs ಭಾಳ ದಿನಾ ಹಿಡೀತದ್ರಿ," ಎಂದರು ಸಿಸ್ಟರ್, ಅಜ್ಜಿಯ ಮಾತಿಗೇ ಹೊಂದಿಕೊಂಡು. ಬೆರಳಿನಿಂದ ನೆಲದ ಮಣ್ಣಿನಲ್ಲಿ ಒಂದು ಸೊನ್ನೆ ಬರೆದು ತೋರಿಸಿದರು. ಅಕ್ಷರ ಅಂಕಿ ಯಾವುದನ್ನೂ ಕಲಿಯದ ಅಜ್ಜಿ ಅದನ್ನು ದೂರದಿಂದಲೇ ಪರೀಕ್ಷಿಸಿ, "ಸೊಟ್ಟ ಅದ," ಎಂದಳು.

ಮೇಜು ನನಗೆ ಉಳಿಯಿತು. ನಾನು ಹಾಕಿದೆನೆಂದು ಹೇಳಿದ ಸುಳ್ಳಿಗೆ ಶಿಕ್ಷೆಯೆಂದು ಮೂರು ದಿನ ಕಸೂತಿಯೂ ಆಯಿತು. ಆನೆಗೆ ಐದನೆಯ ಕಾಲು ಬಂತು. ಅಂದಿನಿಂದ ನನ್ನ ವಹಿಯಲ್ಲಿ ಸೊನ್ನೆಯ ಮೇಲೆ ಸೊನ್ನೆ. ಎಂಟು ಗಂಟೆಗೆ ನಾನು ಬಗ್ಗುವಾಗ ಅಜ್ಜಿ ಪಡಸಾಲೆಯ ಕಂಬ ಹಿಡಿದು ನಿಂತು ನೋಡುತ್ತಿದ್ದಳು. ನಾನು ಎದ್ದಾಗ ಅವಳ ಮುಖವೇ ಹಾಗಲಕಾಯಿ.

ಚೈತ್ರದಲ್ಲಿ ಹುಬ್ಬಳ್ಳಿಯಲ್ಲಿ ಸೋದರಮಾವನ ಮದುವೆ ಬಂತು. ಅಜ್ಜಿ ಮೊಣಕಾಲು ನೋವೆಂದು ಬರಲಿಲ್ಲ, ಪಕ್ಕದ ಮನೆಯವರ ಜೊತೆಗೆ ಉಳಿದಳು. ನನಗೆ ಹೋಗಲು ಮನಸ್ಸಿರಲಿಲ್ಲ. ಒಂದು ದಿನ ತಪ್ಪಿದರೂ ವಹಿ ಸತ್ತಂತೆ ಎಂದಿದ್ದರಲ್ಲ ಸಿಸ್ಟರ್. ಅಪ್ಪ ಕೇಳಲಿಲ್ಲ. ಹೋದ ದಿನ ಸಂಜೆಯೇ, ಮದುವೆಯ ಹಂದರ ಹಾರಿಹೋಗುವಂತೆ ಗುಡುಗಿ ಮಳೆ ಹೊಡೆಯಿತು. ಎಲ್ಲರೂ ಜಮಖಾನೆ ಸುತ್ತುತ್ತಿದ್ದರೆ ನಾನೊಬ್ಬಳು ಮೂಲೆಯಲ್ಲಿ ನಿಂತು ಧಾರವಾಡದ ದಿಕ್ಕಿಗೆ ನೋಡಿ ಅತ್ತೆ. ವರ್ಷದ ಮೊದಲ ಮಳೆ, ಅಳೆಯುವವರಿಲ್ಲ.

ಮೂರನೆಯ ದಿನ ಮಧ್ಯಾಹ್ನ ಟಾಂಗಾದಿಂದ ಜಿಗಿದವಳೇ ಅಂಗಳಕ್ಕೆ ಓಡಿದೆ. ಆಲಿಕೆ ತೆಗೆದೆ. ಸೀಸೆ ಒಣಗಿ ಖಾಲಿ.

"ಅಜ್ಜೀ! ನೀರೆಲ್ಲೆ?"

"ಕೂಗಬ್ಯಾಡ. ಇಲ್ಲೆ ಬಾ." ಅಜ್ಜಿ ನನ್ನ ಕೈ ಹಿಡಿದು ತುಳಸೀಕಟ್ಟೆಯ ಹಿಂದಿನ ಮಗ್ಗಲಿಗೆ ಕರೆದೊಯ್ದಳು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ರಂಗೋಲಿಯ ಚುಕ್ಕೆಗಳು. ಒಂದು ಸಾಲಿಗೆ ಹತ್ತು, ಮೂರು ಸಾಲು. "ಮೊದಲನೇ ದಿನದ್ದು ಇದು. ಮುಂಜಾನೆ ಎಂಟರ ಭೋಂಗಾ ಊದಿದ ಮ್ಯಾಲೆ ಉದ್ಧರಣೀಲೆ ಅಳದು ಅಳದು ತಗದೀನಿ. ಒಂದಕ್ಕ ಒಂದ ಚುಕ್ಕಿ. ಮೂರಕ್ಕ ಐದು ಅಂತ ನಿಮ್ಮ ಗುರುಗಳs ಹೇಳ್ಯಾರಲ್ಲ, ಲೆಕ್ಕಾ ನೀ ಮಾಡ್ಕೋ."

ಮೂವತ್ತು ಉದ್ಧರಣೆ. ಐವತ್ತು ಗೀರು. ಅರ್ಧ ಅಂಗುಲ ಮಳೆ! ಮರುದಿನ ಶಾಲೆಯಲ್ಲಿ ನೋಡಿದರೆ ನೀಲಾಳದು ಐವತ್ತೆರಡಿತ್ತು. "ನೀಲಾ, ನೀ ಇನ್ನೊಂದೀಟು ಬಗ್ಗಬೇಕಿತ್ತಬೇ," ಎಂದರು ಸಿಸ್ಟರ್.

ಅದು ಮರುದಿನದ ಮಾತು. ಆ ಮಧ್ಯಾಹ್ನ ನಾನು ನೋಡುತ್ತಿದ್ದುದು ಚುಕ್ಕೆಗಳ ಸಾಲಿನ ಕೆಳಗೆ ಅಜ್ಜಿ ಹಾಕಿದ ಇನ್ನೊಂದು ಗುರುತನ್ನು. ಒಂದೇ ಎಳೆಯ, ಎಲ್ಲೂ ಕೂಡಿದ್ದು ಕಾಣದಂಥ, ಚಂದ್ರನಂಥ ಒಂದು ದುಂಡು.

"ಅದು ಎರಡನೇ ದಿನದ್ದು," ಎಂದಳು ಅಜ್ಜಿ. "ಏನೂ ಬೀಳಲಿಲ್ಲ. ಮಾರಿ ಸಣ್ಣದು ಮಾಡಬ್ಯಾಡ ಮತ್ತ. ನಿನ್ನಾಣಿ ಇಂದೂ, ತಂಬಿಗಿ ಕೈಯಾಗs ಇತ್ತು, ನಾ ಒಂದ ಹನಿ ಹಾಕಿಲ್ಲ."

ಒಳಗೆ ಹೋಗಿ ವಹಿ ತಂದೆ. ಕಟ್ಟೆಯ ಮುಂದೆ ಮೊಣಕಾಲೂರಿ, ಚುಕ್ಕೆಗಳನ್ನು ಎರಡು ಸಲ ಎಣಿಸಿ ಐವತ್ತು ಎಂದು ಬರೆದೆ. ಅದರ ಕೆಳಗೆ, ಗೋಡೆಯದನ್ನು ನೋಡಿ ನೋಡಿ, ನನ್ನ ಕೈಗೆ ಬಂದಷ್ಟು ದುಂಡಗೆ, ಸೊನ್ನೆ.